ಮುಟ್ಟು ತಡವಾದಾಗ: ಕಾಯುವುದೆಷ್ಟು, ಪರೀಕ್ಷೆ ಎಂದು?



ತಾಯಿಯ ಹೆಸರಿನಲ್ಲಿ ದತ್ತಿಯಿಟ್ಟು, ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಲಿ ಎಂದು ಬಯಸಿದ ಕುಟುಂಬಕ್ಕೆ ನನ್ನ ಮೊದಲ ವಂದನೆ. ಇಂದಿನ ವಿಷಯವನ್ನು ಮುಚ್ಚುಮರೆಯಿಲ್ಲದೆ ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಸಂಘಟಕರಿಗೆ ಎರಡನೆಯ ವಂದನೆ. ಈ ವಿಷಯದ ಮಾತು ನಮ್ಮಲ್ಲಿ ಅಡುಗೆಮನೆಯ ಬಾಗಿಲ ಹಿಂದೆ, ಪಿಸುದನಿಯಲ್ಲಿ ನಡೆಯುತ್ತದೆ. ಅದಕ್ಕೆ ಒಂದು ವೇದಿಕೆ, ಒಂದು ಮೈಕು ಸಿಕ್ಕಿದ್ದು ನನಗೆ ಸಂತೋಷ.

ಪ್ರಸೂತಿ ವೈದ್ಯೆಯಾಗಿ ನಾನು ದಿನವೂ ಕೇಳುವ ಮಾತೊಂದಿದೆ: 'ಮೇಡಂ, ಈ ತಿಂಗಳು ಇನ್ನೂ ಆಗಿಲ್ಲ.' ಮದುವೆಯಾಗಿ ವರ್ಷಗಟ್ಟಲೆ ಮಗುವಿಗಾಗಿ ಕಾದವಳು ಇದನ್ನು ಹೇಳುತ್ತಾಳೆ. ಕೂಸಿಗೆ ಇನ್ನೂ ಹಾಲೂಡುತ್ತಿರುವ ಬಾಣಂತಿ ಹೇಳುತ್ತಾಳೆ. ಡಿಗ್ರಿ ಓದುವ ಹುಡುಗಿ ಗೆಳತಿಯನ್ನು ಜೊತೆಗೆ ಕರೆದುಕೊಂಡು ಬಂದು ಹೇಳುತ್ತಾಳೆ. ಮಗಳ ಮದುವೆಗೆ ಗಂಡು ನೋಡುತ್ತಿರುವ ನಲವತ್ತೈದರ ತಾಯಿಯೂ ಹೇಳುತ್ತಾಳೆ. ಒಬ್ಬಳ ದನಿಯಲ್ಲಿ ಆಸೆ, ಇನ್ನೊಬ್ಬಳ ದನಿಯಲ್ಲಿ ದಿಗಿಲು. ಆದರೆ ಹೆಚ್ಚಿನವರು ನನ್ನ ಮುಂದೆ ಕೂರುವ ಹೊತ್ತಿಗೆ ನಾಲ್ಕಾರು ವಾರಗಳು ಕಳೆದುಹೋಗಿರುತ್ತವೆ. 'ಇನ್ನೊಂದು ತಿಂಗಳು ನೋಡೋಣ ಅಂತ ಸುಮ್ಮನಿದ್ದೆ' ಎನ್ನುತ್ತಾರೆ.

ಇವತ್ತು ನಾನು ಹೇಳಬೇಕಾದದ್ದು ಇಷ್ಟು: ತನ್ನ ಮೈಯಲ್ಲಿ ಏನಾಗುತ್ತಿದೆ ಎನ್ನುವುದು ಹೆಣ್ಣಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಬೇಕು, ಬೇಗ ಗೊತ್ತಾಗಬೇಕು. ಅದಕ್ಕೆ ಬೇಕಾದ ಸಾಧನ ಅಗ್ಗವಾಗಿದೆ, ಲೆಕ್ಕ ಸುಲಭವಾಗಿದೆ. ಸುಮ್ಮನೆ ಕಾಯುವುದರಿಂದ ಪ್ರಶ್ನೆ ಬಗೆಹರಿಯುವುದಿಲ್ಲ. ಅದಕ್ಕೆ ಉತ್ತರ ಹುಡುಕುವ ದಾರಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ತಡ ಎಂದರೆ ಎಷ್ಟು?

ಮುಟ್ಟಿನ ಲೆಕ್ಕವನ್ನು ಸ್ರಾವ ಶುರುವಾದ ಮೊದಲ ದಿನದಿಂದ ಹಿಡಿಯಬೇಕು. ಈ ಸಲದ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನದವರೆಗೆ ಎಷ್ಟು ದಿನವೋ ಅದು ಆ ಹೆಣ್ಣಿನ ಋತುಚಕ್ರ. ಪುಸ್ತಕದಲ್ಲಿರುವ 28 ದಿನ ಒಂದು ಸರಾಸರಿ ಮಾತ್ರ. ಬೆಳೆದ ಹೆಣ್ಣಿಗೆ 21ರಿಂದ 35 ದಿನದೊಳಗೆ ಎಷ್ಟಾದರೂ ಸಹಜವೇ. ತಿಂಗಳಿಂದ ತಿಂಗಳಿಗೆ ನಾಲ್ಕಾರು ದಿನ ಹಿಂದುಮುಂದಾಗುವುದೂ ಸಹಜ. ಮೈನೆರೆದ ಮೊದಲ ಎರಡು ಮೂರು ವರ್ಷ, ಮತ್ತೆ ಮುಟ್ಟು ನಿಲ್ಲುವ ಕಾಲ ಹತ್ತಿರವಾದಾಗ, ಈ ಏರುಪೇರು ಇನ್ನೂ ಹೆಚ್ಚು. ಆದ್ದರಿಂದ ಅಕ್ಕನದು ಇಪ್ಪತ್ತೆಂಟಕ್ಕೇ ಆಗುತ್ತದೆ, ನನ್ನದು ಮೂವತ್ತಮೂರಾದರೂ ಆಗುವುದಿಲ್ಲ ಎಂದು ಯಾರೂ ಹೆದರಬೇಕಾಗಿಲ್ಲ. ತನ್ನ ಚಕ್ರ ಎಷ್ಟು ದಿನದ್ದು ಎಂದು ತಿಳಿದವಳಿಗೆ ಮಾತ್ರ 'ತಡ' ಎಂಬ ಮಾತು ಲೆಕ್ಕಕ್ಕೆ ಸಿಗುತ್ತದೆ.

ಈ ಚಕ್ರದ ಒಳಗುಟ್ಟನ್ನು 1920ರ ದಶಕದಲ್ಲಿ ಜಪಾನಿನ ಕ್ಯೂಸಾಕು ಒಗಿನೊ, ಆಸ್ಟ್ರಿಯಾದ ಹರ್ಮನ್ ಕ್ನಾಸ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಕಂಡುಕೊಂಡರು. ಅಂಡಾಶಯದಿಂದ ಅಂಡ ಹೊರಬೀಳುವ ದಿನವನ್ನು ಹಿಂದಿನ ಮುಟ್ಟಿನಿಂದ ಎಣಿಸಿದರೆ ಸಿಕ್ಕುವುದಿಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು ಎಂಬುದು ಅವರ ತಿಳಿವಳಿಕೆ. ಅಂಡ ಹೊರಬಿದ್ದ ಮೇಲೆ ಸುಮಾರು 14 ದಿನಕ್ಕೆ ಮುಟ್ಟು ಬರುತ್ತದೆ. ಈ ಉತ್ತರಾರ್ಧ ಹೆಚ್ಚು ಬದಲಾಗುವುದಿಲ್ಲ. ಹಿಗ್ಗುವುದು, ಕುಗ್ಗುವುದು ಪೂರ್ವಾರ್ಧ. ಸ್ಟ್ಯಾಂಡಿನಿಂದ ತಡವಾಗಿ ಹೊರಟ ಬಸ್ಸು ಊರಿಗೂ ತಡವಾಗಿಯೇ ಬರುತ್ತದೆ, ದಾರಿಯ ದೂರ ಹೆಚ್ಚಾಗಿರುವುದಿಲ್ಲ, ಹಾಗೆಯೇ ಇದೂ. ಪರೀಕ್ಷೆಯ ಆತಂಕ, ಜ್ವರ, ನಿದ್ದೆಗೇಡು, ಊಟ ಬಿಟ್ಟು ಮೈ ಇಳಿಸುವುದು, ಇವೆಲ್ಲ ಅಂಡ ಬಿಡುಗಡೆಯನ್ನು ಮುಂದೂಡುತ್ತವೆ. ಅದರಿಂದ ಮುಟ್ಟು ಮುಂದಕ್ಕೆ ಹೋಗುತ್ತದೆ.

ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಏಕೆಂದರೆ ಪರೀಕ್ಷೆಯ ದಿನ ನಿರ್ಧಾರವಾಗುವುದು ಇದರಿಂದಲೇ. ನಲವತ್ತು ದಿನದ ಚಕ್ರವಿರುವವಳಿಗೆ ಅಂಡ ಹೊರಬೀಳುವುದೇ ಇಪ್ಪತ್ತಾರನೆಯ ದಿನದ ಆಸುಪಾಸಿನಲ್ಲಿ. ಅವಳು ಮೂವತ್ತನೆಯ ದಿನಕ್ಕೆ ಪರೀಕ್ಷೆ ಮಾಡಿ 'ಏನೂ ಇಲ್ಲ' ಎಂದು ನಿಟ್ಟುಸಿರು ಬಿಟ್ಟರೆ ಆ ಪರೀಕ್ಷೆಗೆ ಅರ್ಥವೇ ಇಲ್ಲ.

ದಿನ ಯಾರಿಗೆ ನೆನಪಿರುತ್ತದೆ ಎಂದು ಕೇಳಬಹುದು. ನಮ್ಮ ಹೆಣ್ಣುಮಕ್ಕಳಿಗೆ ಇರುತ್ತದೆ. 'ಕೊನೇ ಸಲ ಯಾವಾಗ ಆಗಿತ್ತಮ್ಮ?' ಎಂದರೆ ತಾರೀಖು ಹೇಳುವವರು ಕಡಿಮೆ. 'ಗೌರಿಹಬ್ಬಕ್ಕೆ ಇನ್ನೂ ಐದು ದಿನ ಇತ್ತು ಮೇಡಂ. ತಲೆಗೆ ನೀರು ಹಾಕ್ಕೊಂಡು ಮಾರನೇ ದಿನ ಹಬ್ಬ ಮಾಡಿದ್ದೆ' ಎನ್ನುತ್ತಾರೆ. 'ಅಮಾವಾಸ್ಯೆ ಆಗಿ ಸಂತೆ ದಿನ', 'ನಾದಿನಿ ಸೀಮಂತದ ಹಿಂದಿನ ದಿನ', 'ಕಡಲೆ ಕೀಳೋಕೆ ಹೋಗಿದ್ದಾಗ ಹೊಲದಲ್ಲೇ' ಎನ್ನುತ್ತಾರೆ. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದರೆ ತಾರೀಖು ಸಿಕ್ಕಿಬಿಡುತ್ತದೆ. ಅಷ್ಟು ಒಳ್ಳೆಯ ನೆನಪಿರುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ದಿನಕ್ಕೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು. ಮುಂದೆ ಬಸಿರು ಎಂದಾದರೆ ಹೆರಿಗೆಯ ದಿನ ಎಣಿಸುವುದೂ ಆ ಚುಕ್ಕೆಯಿಂದಲೇ: ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ 280 ದಿನ.

ಎರಡು ಗೆರೆಗಳ ವಿಜ್ಞಾನ

ಅಂಡ ಮತ್ತು ವೀರ್ಯಾಣು ಕೂಡಿದ ದಿನವೇ ಬಸಿರು ಗೊತ್ತಾಗಬೇಕಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಕೂಡಿದ ಅಂಡ ನಳಿಕೆಯಲ್ಲಿ ಸಾಗಿ ಬಂದು ಗರ್ಭಕೋಶದ ಒಳಪದರಕ್ಕೆ ಕಚ್ಚಿಕೊಳ್ಳಲು 6ರಿಂದ 12 ದಿನ ಬೇಕು. ಹೆಚ್ಚಿನವರಲ್ಲಿ ಇದು ಎಂಟು, ಒಂಬತ್ತು ಅಥವಾ ಹತ್ತನೆಯ ದಿನ ಆಗುತ್ತದೆ. ಕಚ್ಚಿಕೊಂಡ ಮೇಲೆ, ಮುಂದೆ ಮಾಸು ಆಗಲಿರುವ ಜೀವಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ಸುರಿಸತೊಡಗುತ್ತವೆ. 'ಈ ತಿಂಗಳು ಒಳಪದರ ಕಳಚಬೇಡ' ಎಂದು ತಾಯಿಯ ಅಂಡಾಶಯಕ್ಕೆ ಸುದ್ದಿ ಮುಟ್ಟಿಸುವುದು ಅದೇ. ರಕ್ತದಲ್ಲಿ ಮೊದಲು, ಆಮೇಲೆ ಮೂತ್ರದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಮೊದಲ ವಾರಗಳಲ್ಲಿ ಹೆಚ್ಚುಕಡಿಮೆ ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ: ಇವತ್ತು 10 ಇದ್ದದ್ದು ನಾಡಿದ್ದು 20, ಅದರ ನಾಡಿದ್ದು 40. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಿಟ್ಟು ಮಿಲಿಲೀಟರಿಗೆ 25 ಮಿಲಿಯೂನಿಟ್ ಇದ್ದರೆ ಹಿಡಿಯುತ್ತದೆ. ಇವತ್ತು 'ಇಲ್ಲ' ಎಂದ ಕಿಟ್ಟು ನಾಲ್ಕು ದಿನದಲ್ಲಿ 'ಇದೆ' ಎನ್ನುವುದು ಇದರಿಂದ. ಕಿಟ್ಟು ಕೆಟ್ಟದ್ದಲ್ಲ, ದಿನ ಮುಂಚೆಯಾಗಿತ್ತು.

ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಮಗುವಿಗಾಗಿ ಪ್ರಯತ್ನಿಸುತ್ತಿದ್ದ 221 ಮಹಿಳೆಯರ ದಿನದಿನದ ಮೂತ್ರವನ್ನು ಪರೀಕ್ಷಿಸಿದರು. ಅದರ ಆಧಾರದ ಮೇಲೆ 2001ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇವತ್ತಿನ ನಮ್ಮ ಪ್ರಶ್ನೆಗೆ ನೇರ ಉತ್ತರ. ಮುಟ್ಟು ಬರಬೇಕಾಗಿದ್ದ ದಿನದಂದು, ಬಸುರಾದ ನೂರರಲ್ಲಿ ಹತ್ತು ಮಂದಿಗೆ ಭ್ರೂಣ ಇನ್ನೂ ಗರ್ಭಕೋಶಕ್ಕೆ ಅಂಟಿಕೊಂಡೇ ಇರುವುದಿಲ್ಲ. ಎಂಥ ಉತ್ತಮ ಕಿಟ್ಟೇ ಆದರೂ ಆ ದಿನ ನೂರಕ್ಕೆ ತೊಂಬತ್ತನ್ನಷ್ಟೇ ಹಿಡಿದೀತು. ಒಂದು ವಾರ ಕಳೆದರೆ 97.

ಇದರಿಂದ ಹೊರಡುವ ನಿಯಮಗಳು ಮೂರು. ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು: ನಿಮ್ಮ ಮುಟ್ಟು ಕ್ರಮವಾಗಿ ಬರುವುದಾದರೆ, ಬರಬೇಕಾದ ದಿನ ದಾಟಿದ ಮರುದಿನವೇ ಪರೀಕ್ಷೆ ಮಾಡಬಹುದು. ಎರಡು ಗೆರೆ ಬಂದರೆ ನಂಬಿ.

ಎರಡು: ಒಂದೇ ಗೆರೆ ಬಂದು, ಮುಟ್ಟೂ ಬರದಿದ್ದರೆ, ಒಂದು ವಾರ ಬಿಟ್ಟು ಮತ್ತೆ ಮಾಡಿ. ಆಗಲೂ ಒಂದೇ ಗೆರೆ, ಆಗಲೂ ಮುಟ್ಟಿಲ್ಲ ಎಂದರೆ ವೈದ್ಯರ ಬಳಿ ಬನ್ನಿ.

ಮೂರು: ಮುಟ್ಟಿನ ಲೆಕ್ಕವೇ ಇಲ್ಲದವರು, ಯಾವ ಎಚ್ಚರಿಕೆಯೂ ಇಲ್ಲದೆ ಗಂಡುಹೆಣ್ಣು ಕೂಡಿದ ಕೊನೆಯ ದಿನದಿಂದ 21 ದಿನ ಎಣಿಸಿ ಪರೀಕ್ಷೆ ಮಾಡಿ.

ಈಗ ಕಿಟ್ಟಿನ ಬಗ್ಗೆ. ನನ್ನ ಕೈಯಲ್ಲಿ ಒಂದಿದೆ. ಹಿಂದಿನವರಿಗೂ ಕಾಣಲಿ ಎಂದು ಮೇಲೆತ್ತಿ ಹಿಡಿಯುತ್ತೇನೆ. ಬೆರಳುದ್ದದ ಬಿಳಿ ಪ್ಲಾಸ್ಟಿಕ್ಕು. ಒಂದು ಕೊನೆಯಲ್ಲಿ ಸಣ್ಣ ಗುಂಡಿ, ಅದರ ಪಕ್ಕ 'ಎಸ್'. ನಡುವೆ ಕಿಟಕಿ, ಅದರ ಅಂಚಿನಲ್ಲಿ 'ಸಿ' ಮತ್ತು 'ಟಿ'. ಪೊಟ್ಟಣದಲ್ಲೇ ಒಂದು ಡ್ರಾಪರ್ ಇರುತ್ತದೆ. ಬೆಳಿಗ್ಗೆ ಎದ್ದು ಮೊದಲು ಹೋಗುವ ಮೂತ್ರವನ್ನು ಒಣಗಿದ, ಶುಭ್ರವಾದ ಬಟ್ಟಲಲ್ಲಿ ಹಿಡಿದು, ಗುಂಡಿಗೆ ಮೂರು ಹನಿ ಬಿಡಬೇಕು. ತೇವ ಕಿಟಕಿಯತ್ತ ಹರಿಯುವುದು ಕಣ್ಣಿಗೆ ಕಾಣುತ್ತದೆ. 'ಸಿ' ಬಳಿ ಗೆರೆ ಮೂಡಲೇಬೇಕು. ಮೂಡದಿದ್ದರೆ ಆ ಕಿಟ್ಟು ಕೆಟ್ಟಿದೆ, ಎಸೆದು ಬೇರೆ ತನ್ನಿ. 'ಟಿ' ಬಳಿಯೂ ಬಣ್ಣದ ಗೆರೆ ಮೂಡಿದರೆ ಬಸಿರು. ಆ ಗೆರೆ ತೆಳುವಾಗಿದ್ದರೂ, ಹೇಳಿದ ಹೊತ್ತಿನೊಳಗೆ ಬಂದಿದ್ದರೆ, ಅದು ಗೆರೆಯೇ. ಐದು ನಿಮಿಷಕ್ಕೆ ನೋಡಿ. ಮೂಲೆಯಲ್ಲಿಟ್ಟು ಮಧ್ಯಾಹ್ನ ಹೋಗಿ ನೋಡಿದರೆ, ಒಣಗುವಾಗ ಉಳಿದ ಬೂದು ಕಲೆಯನ್ನು ಗೆರೆ ಎಂದುಕೊಂಡು ಮನೆಮಂದಿಯೆಲ್ಲ ಗೊಂದಲಕ್ಕೆ ಬೀಳುತ್ತೀರಿ.

ಹಿಂದಿನ ರಾತ್ರಿ ಚೊಂಬುಗಟ್ಟಲೆ ನೀರು ಕುಡಿಯಬೇಡಿ. ಮೂತ್ರ ತೆಳುವಾದರೆ ಹಾರ್ಮೋನೂ ತೆಳುವಾಗುತ್ತದೆ. ಪೊಟ್ಟಣದ ಮೇಲಿನ ಕೊನೆಯ ದಿನಾಂಕ ನೋಡಿ. ಜ್ವರದ ಮಾತ್ರೆ, ಆ್ಯಂಟಿಬಯಾಟಿಕ್ ನುಂಗಿದ್ದರೆ ಫಲಿತಾಂಶ ಬದಲಾಗುವುದಿಲ್ಲ. ಬಂಜೆತನದ ಚಿಕಿತ್ಸೆಯಲ್ಲಿ ಎಚ್‌ಸಿಜಿ ಚುಚ್ಚುಮದ್ದು ಪಡೆದವರಿಗೆ ಮಾತ್ರ ಒಂದೆರಡು ವಾರ ಸುಳ್ಳು ಗೆರೆ ಬರಬಹುದು. ಅವರು ತಮ್ಮ ವೈದ್ಯರು ಹೇಳಿದ ದಿನವೇ ಮಾಡಬೇಕು.

ತೀರಾ ಬೇಗ ಪರೀಕ್ಷೆ ಮಾಡುವವರಿಗೆ ಇನ್ನೊಂದು ಮಾತು. ಅದೇ ವಿಲ್ಕಾಕ್ಸ್ ಅಧ್ಯಯನದ 198 ಬಸಿರುಗಳಲ್ಲಿ ನೂರಕ್ಕೆ 22, ಬಸಿರೆಂದು ಯಾರಿಗೂ ಗೊತ್ತಾಗುವ ಮೊದಲೇ ಕಳಚಿಹೋಗಿದ್ದವು. ಇಂದು ತೆಳು ಗೆರೆ, ವಾರದಲ್ಲಿ ಮುಟ್ಟು: ಇದು ಹಿಂದಿನಿಂದಲೂ ನಡೆಯುತ್ತಿದ್ದದ್ದೇ. ಇಂಥದ್ದಕ್ಕೆ ಹೆಚ್ಚಾಗಿ ಕಾರಣ ಭ್ರೂಣದ ವರ್ಣತಂತುಗಳ ಲೋಪ. ಕೊಡ ಎತ್ತಿದ್ದಕ್ಕೆ, ಸ್ಕೂಟರ್ ಓಡಿಸಿದ್ದಕ್ಕೆ, ಹೊಸ್ತಿಲ ಮೇಲೆ ಕೂತಿದ್ದಕ್ಕೆ ಹೀಗಾಯಿತೆಂದು ಸೊಸೆಯನ್ನು ದೂರುವ ಮನೆಗಳನ್ನು ನಾನು ಬಲ್ಲೆ. ದಯವಿಟ್ಟು ಆ ಮಾತನ್ನು ನಿಲ್ಲಿಸಿ. ಅವಳು ಏನೂ ತಪ್ಪು ಮಾಡಿಲ್ಲ.

ಪ್ರಯೋಗಾಲಯದಿಂದ ಹೆಣ್ಣಿನ ಕೈಗೆ

ಈ ಪ್ಲಾಸ್ಟಿಕ್ ತುಣುಕು ಹೆಣ್ಣಿನ ಕೈಗೆ ಬರಲು ಹಿಡಿದ ಕಾಲವನ್ನು ನೆನೆಯಬೇಕು. 1927-28ರಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೋಂಡೆಕ್, ಹೆಣ್ಣಿನ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚಿ, ಕೆಲವು ದಿನಗಳ ಮೇಲೆ ಅವನ್ನು ಕೊಯ್ದು ಅಂಡಾಶಯ ನೋಡಿ ಬಸಿರನ್ನು ಹೇಳಿದರು. ನಂಬಬಹುದಾದ ಮೊದಲ ಪರೀಕ್ಷೆ ಅದು. ಆಮೇಲೆ ಮೊಲ ಬಂತು, ಆಫ್ರಿಕಾದ ಕಪ್ಪೆ ಬಂತು. 1960ರಲ್ಲಿ ಸ್ವೀಡನ್ನಿನ ಲೀಫ್ ವೀಡೆ ಮತ್ತು ಕಾರ್ಲ್ ಗೆಮ್ಜೆಲ್ ಪ್ರಾಣಿಗಳಿಲ್ಲದ ಪರೀಕ್ಷೆ ಕೊಟ್ಟರು. ಇಷ್ಟಾದರೂ ಹೆಣ್ಣು ಮೂತ್ರ ಕೊಟ್ಟು ಬಂದು, ಫಲಿತಾಂಶಕ್ಕಾಗಿ ವೈದ್ಯರ ಮಾತಿಗೆ ಕಾಯಬೇಕಿತ್ತು.

1967ರಲ್ಲಿ ಮಾರ್ಗರೆಟ್ ಕ್ರೇನ್ ಎಂಬ ಇಪ್ಪತ್ತಾರರ ಯುವತಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ಗನಾನ್ ಔಷಧ ಕಂಪನಿಗೆ ವಿನ್ಯಾಸಗಾರ್ತಿಯಾಗಿ ಸೇರಿದ್ದಳು. ವಿಜ್ಞಾನ ಓದಿದವಳಲ್ಲ. ಪ್ರಯೋಗಾಲಯದಲ್ಲಿ ಕನ್ನಡಿಯ ಮೇಲೆ ಸಾಲಾಗಿ ತೂಗುಹಾಕಿದ್ದ ಗಾಜಿನ ನಳಿಕೆಗಳನ್ನು ಕಂಡು ಅವೇನೆಂದು ಕೇಳಿದಳು. ವೈದ್ಯರು ಕಳಿಸಿದ ಬಸಿರು ಪರೀಕ್ಷೆಗಳು ಎಂದರು. ಇಷ್ಟನ್ನು ಹೆಣ್ಣು ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ ಎಂದು ಅವಳಿಗೆ ಹೊಳೆಯಿತು. ಮೇಜಿನ ಮೇಲಿದ್ದ ಪೇಪರ್ ಕ್ಲಿಪ್ಪಿನ ಪಾರದರ್ಶಕ ಡಬ್ಬಿಯಲ್ಲಿ ನಳಿಕೆ, ಡ್ರಾಪರ್, ಪುಟ್ಟ ಕನ್ನಡಿ ಜೋಡಿಸಿ ಮಾದರಿ ತಯಾರಿಸಿದಳು. ಕಂಪನಿಯವರು ಮೊದಲು ಒಪ್ಪಲಿಲ್ಲ. ವೈದ್ಯರ ಕೆಲಸ ಕಿತ್ತುಕೊಂಡಂತಾಗುತ್ತದೆ ಎಂಬ ಅಳುಕು ಅವರಿಗೆ. ಕೊನೆಗೆ ಆ ಕಿಟ್ಟು 1971ರಲ್ಲಿ ಕೆನಡಾದಲ್ಲಿ ಮಾರಾಟಕ್ಕೆ ಬಂತು. ಅಮೆರಿಕದ ಅಂಗಡಿಗಳಿಗೆ ಮನೆಯ ಪರೀಕ್ಷೆ ಬರಲು 1977 ಆಯಿತು. ಆಗಿನ ಕಿಟ್ಟನ್ನು ಅಲುಗಾಡಿಸದೆ ಎರಡು ಗಂಟೆ ಇಡಬೇಕಿತ್ತು. ನನ್ನ ಕೈಯಲ್ಲಿರುವಂಥ, ನಿಮಿಷಗಳಲ್ಲಿ ಗೆರೆ ತೋರಿಸುವ ಪಟ್ಟಿ ಬಂದದ್ದು 1980ರ ದಶಕದ ಕೊನೆಗೆ.

ನಮ್ಮ ದೇಶದಲ್ಲಿ 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಈ ಪರೀಕ್ಷೆಯನ್ನು 'ನಿಶ್ಚಯ್' ಎಂಬ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯರ ಚೀಲಕ್ಕೆ ಸೇರಿಸಿತು. ಅದು ಉಚಿತ. ಹಳ್ಳಿಯ ಹೆಣ್ಣು ಬಸ್ಸು ಹತ್ತದೆ, ಮೆಡಿಕಲ್ ಅಂಗಡಿಯಲ್ಲಿ ನಾಲ್ಕು ಜನರೆದುರು ಹೆಸರು ಹೇಳಿ ಕೇಳದೆ, ಓಣಿಯ ಆಶಾ ಅಕ್ಕನಿಂದ ಪಡೆಯಬಹುದಾದ ಸಾಧನ. ಇಲ್ಲಿ ಕೂತಿರುವ ಆಶಾ ತಂಗಿಯರಲ್ಲಿ ನನ್ನದೊಂದು ವಿನಂತಿ. ಗೆರೆ ಬಂದ ಸುದ್ದಿ ಮೊದಲು ಅವಳ ಕಿವಿಗೆ ಬೀಳಲಿ. ಅತ್ತೆಗೆ, ಗಂಡನಿಗೆ ಯಾವಾಗ ಹೇಳಬೇಕೆಂದು ಅವಳೇ ತೀರ್ಮಾನಿಸಲಿ.

ಬಸಿರಲ್ಲದ ತಡ

ಎರಡು ಸಲ ಪರೀಕ್ಷೆ ಮಾಡಿದರೂ ಒಂದೇ ಗೆರೆ ಬಂದರೆ ಬೇರೆ ಕಾರಣ ಹುಡುಕಬೇಕು. ಪಿಸಿಓಡಿ ಎಂದು ಎಲ್ಲರ ಬಾಯಲ್ಲಿರುವ ತೊಂದರೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹೆಚ್ಚಳ, ಮೈತೂಕ ತಟ್ಟನೆ ಇಳಿದದ್ದು ಅಥವಾ ಏರಿದ್ದು, ಮುಟ್ಟು ನಿಲ್ಲುವ ವಯಸ್ಸು: ಇವು ಸಾಮಾನ್ಯ ಕಾರಣಗಳು. 'ಅಂತರ' ಎಂಬ ಗರ್ಭನಿರೋಧಕ ಚುಚ್ಚುಮದ್ದು ಪಡೆದವರಲ್ಲಿ ಮುಟ್ಟು ತಿಂಗಳುಗಟ್ಟಲೆ ಬಾರದೆಯೂ ಇರಬಹುದು. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದ ತಿಂಗಳು ಕೆಲವು ದಿನ ಹಿಂದುಮುಂದಾಗುವುದುಂಟು. ಆದರೆ ಅದು ಒಂದು ವಾರಕ್ಕೂ ಹೆಚ್ಚು ತಡವಾದರೆ ಪರೀಕ್ಷೆ ಮಾಡಲೇಬೇಕು. ಬಸಿರಿಲ್ಲದೆ ಮೂರು ತಿಂಗಳು ಮುಟ್ಟು ನಿಂತರೆ ಯಾವ ವಯಸ್ಸಿನವರಾದರೂ ವೈದ್ಯರನ್ನು ಕಾಣಬೇಕು.

ನಮ್ಮ ಕಡೆ ವಿಶೇಷವಾಗಿ ಕಾಣುವ ಒಂದು ಕಾರಣವನ್ನು ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಮದುವೆ, ಗೃಹಪ್ರವೇಶ, ವರಮಹಾಲಕ್ಷ್ಮಿ ಹಬ್ಬ, ತಿರುಪತಿ ಪ್ರಯಾಣ. ಆ ದಿನ ಮುಟ್ಟಾಗಬಾರದೆಂದು ಹೆಣ್ಣುಮಕ್ಕಳು ಮುಂದೂಡುವ ಮಾತ್ರೆ ನುಂಗುತ್ತಾರೆ. ಚೀಟಿಯಿಲ್ಲದೆಯೇ ಕೊಡುವ ಅಂಗಡಿಗಳಿವೆ. ನಾರ್ಎಥಿಸ್ಟೆರಾನ್ ಎಂಬ ಈ ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರಬೇಕು. ವಾರವಾದರೂ ಬರದಿದ್ದರೆ 'ಮಾತ್ರೆಯಿಂದ ತಡವಾಗಿದೆ' ಎಂದು ಕೂರಬೇಡಿ, ಪರೀಕ್ಷೆ ಮಾಡಿ. ರಕ್ತ ಹೆಪ್ಪುಗಟ್ಟುವ ತೊಂದರೆ, ಪಿತ್ತಕೋಶ ಅಥವಾ ಯಕೃತ್ತಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಇನ್ನು, ದೇವರ ಮುಂದೆ ನಿಲ್ಲಲು ಹೆಣ್ಣು ತನ್ನ ಮೈಯ ಗತಿಯನ್ನು ಔಷಧಿಯಿಂದ ತಡೆಯಬೇಕೇ ಎಂಬುದನ್ನು ಮನೆಯ ಹಿರಿಯರು ಕೂತು ಯೋಚಿಸಬೇಕು.

ಇದಕ್ಕೆ ತಿರುವುಮುರುವಾದ ಅಭ್ಯಾಸವೂ ಇದೆ: ಮುಟ್ಟು 'ಬರಿಸುವುದು'. ಪರಂಗಿ ಹಣ್ಣು, ಎಳ್ಳುಬೆಲ್ಲದ ಕಷಾಯ, ಕೊನೆಗೆ ಅಂಗಡಿಯ ಮಾತ್ರೆ. ಎಳ್ಳು, ಪರಂಗಿ ಒಳ್ಳೆಯ ಆಹಾರ. ಬಸಿರು ಇದೆಯೋ ಇಲ್ಲವೋ ಎಂಬುದಕ್ಕೆ ಅವು ಉತ್ತರ ಕೊಡಲಾರವು. ಮಾತ್ರೆಯ ಕಥೆ ಮಾತ್ರ ಗಂಭೀರ. ಮೂತ್ರ ಪರೀಕ್ಷೆ ಅಪರೂಪವಾಗಿದ್ದ ಕಾಲದಲ್ಲಿ ಹಾರ್ಮೋನ್ ಮಾತ್ರೆ ಕೊಟ್ಟು 'ಸ್ರಾವವಾದರೆ ಬಸಿರಿಲ್ಲ, ಆಗದಿದ್ದರೆ ಬಸಿರು' ಎಂದು ಹೇಳುವ ಪದ್ಧತಿ ಹಲವು ದೇಶಗಳಲ್ಲಿತ್ತು. 1967ರಲ್ಲಿ ಬ್ರಿಟನ್ನಿನ ವೈದ್ಯೆ ಇಸಬೆಲ್ ಗಾಲ್, ಅಂಥ ಮಾತ್ರೆಗೂ ಮಕ್ಕಳ ಬೆನ್ನುಹುರಿಯ ಅಂಗವೈಕಲ್ಯಕ್ಕೂ ನಂಟಿರಬಹುದೆಂದು ಎಚ್ಚರಿಸಿದರು. ಆ ವಾದ ಅಲ್ಲಿ ಇಂದಿಗೂ ಮುಗಿದಿಲ್ಲ. ನಮ್ಮಲ್ಲಿ ಮಹಿಳಾ ಸಂಘಟನೆಗಳು, ಆರೋಗ್ಯ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, 1988ರಲ್ಲಿ ಹೆಚ್ಚು ಪ್ರಮಾಣದ ಈಸ್ಟ್ರೋಜನ್-ಪ್ರೊಜೆಸ್ಟರಾನ್ ಮಾತ್ರೆಗಳ ನಿಷೇಧವಾಯಿತು. ಮೂರು ಹನಿ ಮೂತ್ರ ಹೇಳುವ ಸತ್ಯವನ್ನು ತಿಳಿಯಲು ಹೆಣ್ಣಿನ ಹೊಟ್ಟೆಗೆ ಔಷಧ ಹಾಕುವ ಅಗತ್ಯ ಈಗ ಯಾರಿಗೂ ಇಲ್ಲ.

ಒಂದೊಂದು ವಾರದ ಬೆಲೆ

ಬೇಗ ತಿಳಿದು ಏನಾಗಬೇಕು, ಒಂಬತ್ತು ತಿಂಗಳಂತೂ ಇದ್ದೇ ಇದೆಯಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಮಗುವಿನ ಬೆನ್ನುಹುರಿಯಿಂದ ಶುರುವಾಗುತ್ತದೆ. ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳ, ಅಂಡ ವೀರ್ಯ ಕೂಡಿದ ಸುಮಾರು 28ನೆಯ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಎಂದರೆ ಮುಟ್ಟು ತಪ್ಪಿದ ಎರಡು ವಾರದೊಳಗೆ. ಅದು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲ ಬೇಕು. ಎರಡು ತಿಂಗಳು ಕಾದು ಬಂದವಳಿಗೆ ನಾನು ಕೊಡುವ ಮಾತ್ರೆ ರಕ್ತಹೀನತೆಗೆ ಒದಗುತ್ತದೆ. ನರನಾಳದ ಕೆಲಸಕ್ಕೆ ಹೊತ್ತು ಮೀರಿರುತ್ತದೆ. ಆದ್ದರಿಂದ ಮಗು ಬೇಕೆನ್ನುವವರು ಒಂದು ತಿಂಗಳು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು. ತೆಗೆದುಕೊಳ್ಳದವರು ಗೆರೆ ಕಂಡ ದಿನವೇ ಶುರುಮಾಡಬೇಕು.

ಈ ಜೀವಸತ್ವದ ಮೊದಲ ಸುಳಿವು ಸಿಕ್ಕಿದ್ದು ನಮ್ಮ ನೆಲದಲ್ಲಿ. 1928ರಲ್ಲಿ ಬ್ರಿಟನ್ನಿನಿಂದ ಬಂದ ಡಾ. ಲೂಸಿ ವಿಲ್ಸ್ ಮುಂಬಯಿಯ ಬಡ ಗರ್ಭಿಣಿಯರ, ಗಿರಣಿ ಕೆಲಸಗಾರ್ತಿಯರ ತೀವ್ರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟಿನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಅಂಶವೇ ಫೋಲಿಕ್ ಆಮ್ಲ ಎಂದು ಮುಂದೆ ತಿಳಿಯಿತು. 1991ರಲ್ಲಿ ಮುಗಿದ ದೊಡ್ಡ ಪ್ರಯೋಗವೊಂದರಲ್ಲಿ, ನರನಾಳದ ಲೋಪವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರಿಗೆ ಬಸಿರಿಗೂ ಮುಂಚಿನಿಂದ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ, ಆ ಲೋಪ ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗಿತು. ಇಷ್ಟು ಅಗ್ಗದ ಮಾತ್ರೆ ಇಷ್ಟು ದೊಡ್ಡ ಕೆಲಸ ಮಾಡುವುದು ವೈದ್ಯಕೀಯದಲ್ಲಿ ಅಪರೂಪ.

ನುಂಗುತ್ತಿರುವ ಬೇರೆ ಮಾತ್ರೆಗಳ ವಿಚಾರವೂ ಇದೇ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಸಿರಾದ ಕೂಡಲೇ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಮೂರ್ಛೆರೋಗದ ವ್ಯಾಲ್‌ಪ್ರೊಯೇಟ್, ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್, ಕೆಲವು ರಕ್ತದೊತ್ತಡದ ಮಾತ್ರೆಗಳು ಭ್ರೂಣಕ್ಕೆ ಹಾನಿಮಾಡಬಲ್ಲವು. ಮೂರ್ಛೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಅಪಾಯ. ಗೆರೆ ಕಂಡ ವಾರವೇ ವೈದ್ಯರಿಗೆ ಪಟ್ಟಿ ತೋರಿಸಿ.

ಎರಡು ಗೆರೆ ಬಸಿರಿದೆ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ನೂರರಲ್ಲಿ ಒಂದೆರಡು ಬಸಿರು ಗರ್ಭಕೋಶದ ಹೊರಗೆ, ಹೆಚ್ಚಾಗಿ ನಳಿಕೆಯಲ್ಲಿ ನಿಲ್ಲುತ್ತವೆ. ನಳಿಕೆ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ಪ್ರಾಣಕ್ಕೇ ಕುತ್ತು. ಹೊಟ್ಟೆಯ ಒಂದು ಪಕ್ಕದ ನೋವು, ಅಷ್ಟಿಷ್ಟು ಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಕಣ್ಣುಕತ್ತಲೆ: ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಹೊರಡಿ. 'ನನಗೆ ಆಪರೇಷನ್ ಆಗಿದೆಯಲ್ಲ ಮೇಡಂ, ನನಗ್ಯಾಕೆ ಟೆಸ್ಟು?' ಎಂದು ಕೇಳುವ ತಾಯಂದಿರು ಬಹಳ. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾಗುವುದು ಅಪರೂಪ. ಆದರೆ ವಿಫಲವಾಗಿ ಬಸಿರಾದರೆ ಅದು ನಳಿಕೆಯಲ್ಲಿರುವ ಸಂಭವ ಹೆಚ್ಚು. ಆಪರೇಷನ್ ಆದವರು ಮುಟ್ಟು ತಪ್ಪಿದರೆ ಮೊದಲು ಪರೀಕ್ಷೆ ಮಾಡಬೇಕಾದವರು. ಹಾಗೆಯೇ ಹಾಲೂಡುವ ತಾಯಂದಿರು. ಹೆರಿಗೆಯ ನಂತರ ಆರು ತಿಂಗಳೊಳಗೆ, ಬರೀ ಎದೆಹಾಲನ್ನೇ ಕೊಡುತ್ತಾ, ಮುಟ್ಟು ಮರಳದಿದ್ದರೆ ರಕ್ಷಣೆ ಚೆನ್ನಾಗಿಯೇ ಇರುತ್ತದೆ. ಕೂಸಿಗೆ ರಾಗಿಸರಿ ಶುರುವಾದ ಮೇಲೆ ಆ ಭರವಸೆ ಇಲ್ಲ. ಅಂಡ ಮೊದಲು ಹೊರಬೀಳುತ್ತದೆ, ಮುಟ್ಟು ಆಮೇಲೆ. ಹಾಗಾಗಿ ಒಂದು ಸಲವೂ ಮುಟ್ಟಾಗದೆ ಮತ್ತೆ ಬಸುರಾಗಬಹುದು.

ಕೊನೆಯದಾಗಿ, ಬಸಿರು ಬೇಡವಾದವಳ ಮಾತು. ವೈದ್ಯಕೀಯ ಗರ್ಭಪಾತ ಕಾಯ್ದೆ ನಮ್ಮಲ್ಲಿ 1971ರಿಂದ ಇದೆ. 2021ರ ತಿದ್ದುಪಡಿಯ ಪ್ರಕಾರ, ಕಾಯ್ದೆ ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಗರ್ಭನಿರೋಧಕ ವಿಫಲವಾದದ್ದೂ ಒಂದು ಕಾರಣವೇ. ಅವಿವಾಹಿತೆಯರಿಗೂ ಸಮಾನ ಹಕ್ಕಿದೆಯೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 18 ತುಂಬಿದವಳಿಗೆ ಅವಳದೇ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನಿಗೆ ಬೇಕಿಲ್ಲ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಈ ವಾರಗಳ ಎಣಿಕೆ ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ತಪ್ಪಿದ ದಿನ ಅವಳಿಗೆ ನಾಲ್ಕು ವಾರ ಆಗಿಯೇಹೋಗಿರುತ್ತದೆ. ಮಾತ್ರೆಯಿಂದ ಆಗುವ ಗರ್ಭಪಾತಕ್ಕೆ 9 ವಾರದ ಮಿತಿ. ಎರಡು ಸಲ 'ಇನ್ನೊಂದು ತಿಂಗಳು ನೋಡೋಣ' ಎಂದರೆ ಆ ದಾರಿ ಮುಚ್ಚಿತು. ಹೆದರಿ ಅಂಗಡಿಯಿಂದ ಮಾತ್ರೆ ತರಿಸಿಕೊಂಡು ಗುಟ್ಟಾಗಿ ನುಂಗುವವರಿಗೆ ಹೇಳುತ್ತೇನೆ: ಬಸಿರು ನಳಿಕೆಯಲ್ಲಿದ್ದರೆ ಆ ಮಾತ್ರೆಯಿಂದ ಏನೂ ಆಗುವುದಿಲ್ಲ, ಸ್ರಾವ ನೋಡಿ ಮೋಸ ಹೋಗುತ್ತೀರಿ. ವೈದ್ಯರ ಬಳಿಗೇ ಬನ್ನಿ.

ನಾವು ಮಾಡಬೇಕಾದದ್ದು

ಈ ಕಾಲೇಜಿನ ಮಹಿಳಾ ಘಟಕ ತನ್ನ ಕೊಠಡಿಯಲ್ಲಿ ಕೆಲವು ಕಿಟ್ಟುಗಳನ್ನು ಇಟ್ಟುಕೊಳ್ಳಲಿ. ಪಡೆದವರ ಹೆಸರು ಬರೆಯುವ ಪುಸ್ತಕ ಬೇಡ. ಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್ ಎಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಲಿ. ಮೆಡಿಕಲ್ ಅಂಗಡಿಯವರು ಕಿಟ್ಟು ಕೇಳಿದವಳ ಕೊರಳಲ್ಲಿ ತಾಳಿ ಇದೆಯೇ ಎಂದು ನೋಡದೆ ಕೊಡಲಿ. ತಾಯಂದಿರು ಮಗಳು ಮೈನೆರೆದ ವರ್ಷವೇ ಕ್ಯಾಲೆಂಡರಿನ ಚುಕ್ಕೆಯನ್ನು ಕಲಿಸಲಿ. 'ದಿನ ಎಷ್ಟಾಯಿತು' ಎಂದು ಮಗಳನ್ನು ಕೇಳುವಾಗ ದನಿಯಲ್ಲಿ ಗದರಿಕೆ ಇರದಿರಲಿ; ಗದರಿಸಿಕೊಂಡ ಹುಡುಗಿ ಮುಂದಿನ ಸಲ ಹೇಳುವುದಿಲ್ಲ. ಗಂಡುಮಕ್ಕಳೇ, ಬಸಿರು ಒಬ್ಬಳಿಂದ ಆಗುವುದಲ್ಲ. ಕಿಟ್ಟು ತಂದುಕೊಡುವುದು, ಆಸ್ಪತ್ರೆಗೆ ಜೊತೆಗೆ ಬರುವುದು, ಅವಳ ತೀರ್ಮಾನಕ್ಕೆ ಬೆನ್ನಾಗಿ ನಿಲ್ಲುವುದು ನಿಮ್ಮ ಪಾಲಿನ ಕೆಲಸ. ಬಸಿರು ಬೇಕೆಂದು ನಿರ್ಧರಿಸಿದವರು ಗೆರೆ ಕಂಡ ವಾರವೇ ಆಶಾ ಅಕ್ಕನಿಗೆ ಹೇಳಿ, 12 ವಾರದೊಳಗೆ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಪಡೆಯಲಿ.

ವಿದ್ಯಾರ್ಥಿನಿಯರಿಗೆ ನನ್ನ ಕೊನೆಯ ಮಾತು. ಮುಟ್ಟು ತಡವಾಯಿತೆಂದರೆ ನೀವು ತಪ್ಪು ಮಾಡಿದ್ದೀರಿ ಎಂದಲ್ಲ, ಕೆಟ್ಟದ್ದೇ ಆಗುತ್ತದೆ ಎಂದೂ ಅಲ್ಲ. ನಿಮಗೆ ಒಂದು ವಿಷಯ ತಿಳಿಯಬೇಕಾಗಿದೆ, ಅಷ್ಟೆ. ದಿನ ಎಣಿಸಿ, ಸರಿಯಾದ ದಿನ ಪರೀಕ್ಷೆ ಮಾಡಿ, ಬೇಕಾದರೆ ಒಂದು ವಾರ ಬಿಟ್ಟು ಮತ್ತೆ ಮಾಡಿ, ಅನುಮಾನ ಉಳಿದರೆ ವೈದ್ಯರ ಬಳಿ ಬನ್ನಿ. ಉತ್ತರ ಯಾವುದೇ ಇರಲಿ, ಅದು ಬೇಗ ಸಿಕ್ಕಷ್ಟೂ ಮುಂದಿನ ತೀರ್ಮಾನ ನಿಮ್ಮ ಕೈಯಲ್ಲಿರುತ್ತದೆ.

ಪ್ರಶ್ನೆಗಳನ್ನು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಕಳಿಸಬಹುದು, ಎಲ್ಲಕ್ಕೂ ಉತ್ತರಿಸುತ್ತೇನೆ.